ಲಗ್ನದ ಫೀಸು

ಚರ್ಚಿನಲ್ಲಿ ಲಗ್ನಕ್ಕೆ ಫೀಸು ತೆಗೆದುಕೊಂಡರೆ ತಪ್ಪೇನು ಎಂದು ಈಗಿನ ಹುಡುಗರು ನನ್ನನ್ನು ಕೇಳುತ್ತಾರೆ. ದೀಪದ ಖರ್ಚಿಲ್ಲವೇ, ಪಾದ್ರಿಗೆ ಹೊಟ್ಟೆಯಿಲ್ಲವೇ ಅನ್ನುತ್ತಾರೆ. ಇದೆಯಪ್ಪಾ, ಎಲ್ಲ ಇದೆ. ಆದರೆ ಆ ಮಾತು ಎತ್ತಿದರೆ ಸಾಕು, ನನಗೆ ಮೈ ಉರಿಯುತ್ತದೆ. ನಮ್ಮ ಮನೆ ಒಡೆದದ್ದೇ ಅದರಿಂದ.

ಆಗ ನಿಜಾಮನ ರಾಜ್ಯ. ಇಜೇರಿಯ ಆಚೆ, ಜೇವರ್ಗಿ ಸೀಮೆಯ ಒಂದು ಸಣ್ಣ ಊರು ನಮ್ಮದು. ಊರ ಹೊರಗಿನ ಕೇರಿಯಲ್ಲಿ ಹತ್ತೋ ಹನ್ನೆರಡೋ ಕ್ರೈಸ್ತರ ಮನೆಗಳು, ನಡುವೆ ಮಣ್ಣಿನ ಗೋಡೆಯ ಒಂದು ಚರ್ಚು. ನಾವು ಅದನ್ನು ಗುಡಿ ಎಂದೇ ಅನ್ನುತ್ತಿದ್ದೆವು. ಪ್ರತಿ ಶನಿವಾರ ಕೇರಿಯ ಹೆಂಗಸರು ಅದರ ನೆಲ ಸಾರಿಸುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಎಲ್ಲರಿಗಿಂತ ಮುಂದೆ ನಮ್ಮವ್ವ. ಸೆಗಣಿ ಹೊತ್ತು ತರುವವಳು ನನ್ನ ಅಕ್ಕ. ತನ್ನ ಲಗ್ನದಲ್ಲಿ ಎಲ್ಲಿ ನಿಲ್ಲಬೇಕೆಂದು ಅಕ್ಕ ಸಾರಿಸುವಾಗಲೇ ಜಾಗ ನೋಡಿಟ್ಟುಕೊಂಡಿದ್ದಳು. ಪಕ್ಕದಲ್ಲೇ ಅವ್ವ ನಿಲ್ಲಬೇಕು ಅನ್ನುತ್ತಿದ್ದಳು.

"ಗಂಡಗ ಜಾಗಾ ಬಿಡ್ತಿಯೋ ಇಲ್ಲೋ ಬೇ?" ಎಂದು ಹೆಂಗಸರು ನಗುತ್ತಿದ್ದರು.

ಅಫಜಲಪುರ ಕಡೆಯ ಅತನೂರಿನಲ್ಲಿ ಅಕ್ಕನಿಗೆ ಗಂಡು ಗೊತ್ತಾದ ವರ್ಷವೇ ಪಾದ್ರಿಗಳ ಸಂಬಳ ಅರ್ಧಕ್ಕೆ ಇಳಿಯಿತು. ಅವರ ಮನೆಯಲ್ಲೂ ಅಂಬಲಿಯೇ, ಸುಳ್ಳು ಯಾಕೆ ಹೇಳಲಿ. ಅವರು ಗಂಡಸರನ್ನು ಕೂಡಿಸಿ, ಇನ್ನು ಮೇಲೆ ಗುಡಿಯಲ್ಲಿ ಲಗ್ನವಾದರೆ ಐದು ರೂಪಾಯಿ ಫೀಸು ಎಂದು ಠರಾವು ಮಾಡಿದರು. ಹೆಂಗಸರನ್ನು ಯಾರೂ ಕೇಳಲಿಲ್ಲ.

ಅವ್ವ ಸೀದಾ ಪಾದ್ರಿಗಳ ಬಾಗಿಲಿಗೆ ಹೋದಳು. "ನಾ ಸಾರಿಸಿದ ನೆಲದ ಮ್ಯಾಲ ನಿಂದ್ರಾಕ ನಾನೇ ರೊಕ್ಕ ಕೊಡಬೇಕೇನ್ರಿ?"

"ನಾ ಏನ್ ಮಾಡ್ಲಿ ತಂಗೀ? ನನ್ನ ಮಕ್ಕಳೂ ಉಣಬೇಕಲ್ಲ," ಎಂದರು ಪಾದ್ರಿಗಳು.

"ಉಣ್ಲಿ. ಜ್ವಾಳ ಕೇಳ್ರಿ, ಕೊಡ್ತೇನಿ. ಲಗ್ನಕ್ಕ ದರಾ ಹಚ್ಚಬ್ಯಾಡ್ರಿ."

ಪಾದ್ರಿಗಳು ತಲೆ ತಗ್ಗಿಸಿದರು, ಠರಾವು ಮಾತ್ರ ಬದಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೇರಿಯೆಲ್ಲ ಆಡಿಕೊಂಡಿತು.

ಮನೆಯ ಮುಂದೆಯೇ ಲಗ್ನ ಮಾಡುತ್ತೇನೆ ಎಂದು ಅವ್ವ ಹಟ ಹಿಡಿದಳು. ಬೀಗರು ಒಪ್ಪಲಿಲ್ಲ. ಅಕ್ಕ ರೊಟ್ಟಿ ಮುಟ್ಟದೆ ಅತ್ತಳು. ಕಡೆಗೆ ಅಪ್ಪ ಒಂದು ಆಡು ಮಾರಿ ಫೀಸು ಕಟ್ಟಿದ. ಅವ್ವ ಅಡ್ಡ ಬರಲಿಲ್ಲ. ಸಿಟ್ಟು ಇಳಿಯಿತು ಎಂದುಕೊಂಡೆವು, ನಮ್ಮ ಹುಚ್ಚು.

ಲಗ್ನದ ದಿನ ಅವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಗುಡಿಯ ಬಾಗಿಲತನಕ ಬಂದಳು. ಹೊಸ್ತಿಲು ದಾಟಲಿಲ್ಲ. ಪಾದ್ರಿಗಳೇ ಹೊರಗೆ ಬಂದು, "ಒಳಗ ಬಾ ತಂಗೀ, ಹಿಂಗ್ಯಾಕ ಮಾಡ್ತಿ?" ಎಂದು ಕರೆದರು.

"ರೊಕ್ಕ ಕಟ್ಟಿದ್ದು ಅವರಿಬ್ಬರದು. ನಂದ್ಯಾರು ಕಟ್ಯಾರ್ರಿ?" ಎಂದಳು ಅವ್ವ.

ಅವ್ವ ನಿಲ್ಲಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಪಾದ್ರಿಗಳು ಇವನನ್ನು ಒಪ್ಪಿದ್ದೀಯಾ ಎಂದು ಕೇಳಿದಾಗಲೂ ಅಕ್ಕ ಬಾಗಿಲ ಕಡೆಗೇ ನೋಡುತ್ತಿದ್ದಳು. ಎರಡು ಸಲ ಕೇಳಬೇಕಾಯಿತು.

ಬಂಡಿ ಹೂಡಿದ ಮೇಲೆ ಅವ್ವ ಮಗಳನ್ನು ತಬ್ಬಿಕೊಳ್ಳಲು ಬಂದಳು. ಅಕ್ಕ ಅವಳ ಕೈ ಸರಿಸಿದಳು.

"ಪಾದ್ರಿ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ತೀರಿಸ್ಕೊಂಡ್ಯಲ್ಲ ಯವ್ವಾ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಿ."

ಬಂಡಿ ಹೊರಟಿತು.

ಅಂದಿನಿಂದ ಅವ್ವ ಗುಡಿ ಸಾರಿಸಲು ಹೋಗಲಿಲ್ಲ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಿಟ್ಟರು. ಬಾಡಿಗೆ ಕೊಟ್ಟು ನಿಲ್ಲುವ ಮನೆಗೆ ಯಾರು ಮಣ್ಣು ಮೆತ್ತುತ್ತಾರೆ? ಮಳೆಗೆ ಹಿಂದಿನ ಗೋಡೆ ಕುಸಿಯಿತು, ಲಗ್ನಗಳು ಮನೆಗಳ ಮುಂದೆ ನಡೆದವು. ಮುಂದಿನ ವರ್ಷ ಪಾದ್ರಿಗಳು ತಾವಾಗಿಯೇ ಫೀಸು ತೆಗೆದರು. ಗೆದ್ದೆ ಎಂದು ಅವ್ವ ಒಂದು ದಿನವೂ ಅನ್ನಲಿಲ್ಲ.

ಅಕ್ಕ ಬಸುರಿ ಎಂದು ತಿಳಿದಾಗ, ಚೊಚ್ಚಲ ಬಾಣಂತನಕ್ಕೆ ಕರೆತರಲು ಅಪ್ಪ ಭೀಮಾ ದಾಟಿ ಅತನೂರಿಗೆ ಹೋದ. ಒಬ್ಬನೇ ತಿರುಗಿ ಬಂದ.

"ಇಲ್ಲೇ ಹಡೀತೇನಿ ಅಂದ್ಲು," ಎಂದ.

ಚೊಚ್ಚಲಿಗೆ ತವರಿಗೆ ಬಾರದ ಮಗಳನ್ನು ನಮ್ಮ ಕಡೆ ಯಾರು ಕಂಡಿದ್ದರು! ಆದರೂ ಅವ್ವ ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿಟ್ಟಳು. ಅವಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳು ಬರುತ್ತಿತ್ತು.

ಊರೂರು ತಿರುಗಿ ಬಳೆ ಮಾರುವ ಸಾಬನೊಬ್ಬ ಒಂದು ದಿನ ಕೇರಿಗೆ ಬಂದ. ಹೆಂಗಸರೆಲ್ಲ ಸುತ್ತ ಕೂತಿದ್ದರು. ಅವ್ವ ಕೈ ಚಾಚಿದಾಗ ಅವನು ಬಾಯ್ತುಂಬ ನಕ್ಕ.

"ಯಕ್ಕಾ, ಮನ್ನೆ ಅತನೂರಾಗ ನಿಮ್ಮ ಮಗಳ ಕೂಸಿಗೆ ಕರಿ ಬಳಿ ತೊಡಿಸಿ ಬಂದೆರಿ. ಕೂಸು ಭಾಳ ಚಂದ ಐತ್ರಿ."

ಎಲ್ಲರೂ ಅವ್ವನ ಮುಖ ನೋಡಿದರು. ಅವ್ವನೂ ನಕ್ಕಳು.

"ಹೂನಪ್ಪಾ, ನಮಗ ಸುದ್ದಿ ಬಂದೈತಿ," ಎಂದಳು.

ಹಾಗೆ ಅಂದುಬಿಟ್ಟ ಮೇಲೆ, ಗಂಡೋ ಹೆಣ್ಣೋ ಎಂದು ಅವನನ್ನು ಕೇಳುವಂತಿರಲಿಲ್ಲ.