ಹುಳದ ಮನೆಯ ಪೈಲ್ವಾನ

ರಘು, ಪದ್ಮಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಇವತ್ತಿಗೂ ಸಂಕೋಚ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಅದು ಸಾಕು. ರಘು ಓಟದ ಪಂದ್ಯಕ್ಕೆಂದು ಕತ್ತಲಲ್ಲೇ ಎದ್ದು ಓಡುತ್ತಾನೆ, ರಾತ್ರಿಯೆಲ್ಲ ಓದುತ್ತಾನೆ, ಆಮೇಲೆ ಕಾಲುನೋವು ಬಿಡುತ್ತಿಲ್ಲ ಎಂದು ಎಣ್ಣೆ ತಿಕ್ಕಿಕೊಳ್ಳುತ್ತಾನೆ. ಅದನ್ನು ನೋಡಿದಾಗಲೆಲ್ಲ ನನಗೆ ಮುನಿವೆಂಕಟ ನೆನಪಾಗುತ್ತಾನೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ನಿಮ್ಮ ತಾತ ತೀರಿಕೊಂಡಿದ್ದರು. ನಿಮ್ಮ ಅಪ್ಪನನ್ನು ಸೊಂಟದ ಮೇಲೆ ಹೊತ್ತುಕೊಂಡು ವೇಮಗಲ್ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ರೇಷ್ಮೆ ಹುಳ ಸಾಕುವ ಕೆಲಸಕ್ಕೆ ಸೇರಿದ್ದೆ. ಪ್ಯಾರಾಚೂಟ್ ಬಟ್ಟೆಗೆ ರೇಷ್ಮೆ ಬೇಕೆಂದು ಗೂಡಿನ ಬೆಲೆ ಏರಿತ್ತು. ಮೊದಲೆಲ್ಲ ಒಂದು ಬೆಳೆ ಮುಗಿದ ಮೇಲೆ ಹುಳದ ಮನೆ ತೊಳೆದು ಬಿಡುವು ಕೊಡುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಒಂದು ಬೆಳೆಯ ಗೂಡು ಬಿಡಿಸುವ ಮೊದಲೇ ಇನ್ನೊಂದರ ಮರಿಗಳು ಹುಳ ಸಾಕುವ ಬಿದಿರ ತಟ್ಟೆಗೆ ಬಂದಿರುತ್ತಿದ್ದವು.

ಹುಳದ ಸಂಗತಿ ನಿಮಗೆ ತಿಳಿಯದು, ಹೇಳುತ್ತೇನೆ. ಬೆಳೆಯುವಾಗ ಅದು ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಕಾಯಿಲೆಯಲ್ಲ, ನಿದ್ದೆ. ಆ ನಿದ್ದೆಯಲ್ಲಿ ಹಳೆಯ ಚರ್ಮ ಕಳಚಿ ಹೊಸದು ಬರುತ್ತದೆ. ಆಗ ಮುಟ್ಟಿದರೆ, ಎಬ್ಬಿಸಿದರೆ ಹುಳ ಸೊರಗುತ್ತದೆ, ಗೂಡು ತೆಳುವಾಗುತ್ತದೆ. ಅದಕ್ಕೇ ಆ ಮನೆಯಲ್ಲಿ ಹುಳ ಕೂತ ದಿನ ಒನಕೆ ಸದ್ದಿಲ್ಲ, ಮೆಣಸಿನಕಾಯಿ ಒಗ್ಗರಣೆಯಿಲ್ಲ. ಯಜಮಾನರೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ನಾಲ್ಕನೆಯ ನಿದ್ದೆ ಮುಗಿಸಿ ಎದ್ದ ಹುಳಕ್ಕೆ ಮಾತ್ರ ಹಸಿವೋ ಹಸಿವು. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಇರಬೇಕು.

ಆ ಸೊಪ್ಪು ಹೊರುವವನು ಮುನಿವೆಂಕಟ. ಬೈರಕೂರಿನ ಕಡೆಯವನು, ಆಳುದ್ದಕ್ಕೆ ಒಂದು ಹಿಡಿ ಹೆಚ್ಚು. ಯಜಮಾನರು ಅವನನ್ನು ಮನೆಗೆ ತಂದಿದ್ದು ಕುಸ್ತಿಗೆ. ಅವರ ಹೆಸರಿನಲ್ಲಿ ಅವನು ಅಖಾಡಕ್ಕೆ ಇಳಿಯುತ್ತಿದ್ದ. ಹಾಲು, ತುಪ್ಪ, ಬಾದಾಮಿ ಯಾವುದಕ್ಕೂ ಕೊರತೆಯಿರಲಿಲ್ಲ. ನಸುಕಿನಲ್ಲಿ ಗರಡಿ, ಹಗಲು ತೋಟ, ರಾತ್ರಿ ಹುಳದ ಮನೆ. ಪೈಲ್ವಾನ ಹೆಚ್ಚು ಮಲಗಿದರೆ ಮೈ ಮೆತ್ತಗಾಗುತ್ತದೆ ಎಂದು ಯಜಮಾನರು ನಂಬಿದ್ದರು. ಊರಿನಲ್ಲಿ ಬೇರೆಯವರೂ ಹಾಗೇ ಅನ್ನುತ್ತಿದ್ದರು.

ಅವನು ತಟ್ಟೆಗಳನ್ನು ನೋಡುತ್ತಾ ನಗುತ್ತಿದ್ದ. "ನಿನ್ನ ಹುಳದ ಜನ್ಮ ವಾಸಿ ಅಕ್ಕಾ. ತಿನ್ನೋದು, ಮಲಗೋದು."

"ಕೊನೇಲಿ ಕುದಿಯೋ ನೀರಿಗೆ ಹಾಕ್ತಾರೆ ಕಣೋ."

"ಅಲ್ಲೀಗಂಟಾದ್ರೂ ಮಲಗ್ತೈತಲ್ಲ!"

ಶ್ರೀನಿವಾಸಪುರದಲ್ಲಿ ದೊಡ್ಡ ಕುಸ್ತಿ ನಿಗದಿಯಾಯಿತು. ಅದೇ ಸಮಯಕ್ಕೆ ಗರಡಿಯಲ್ಲಿ ಅವನ ಬಲ ಭುಜ ಉಳುಕಿತು. ಎಣ್ಣೆ ನೀವಿದರು, ಔಷಧಿಯ ಪಟ್ಟು ಕಟ್ಟಿದರು. ಊತ ಇಳಿಯಲಿಲ್ಲ. ಒಂದು ಮಧ್ಯಾಹ್ನ ಸೊಪ್ಪಿನ ಮಂಕರಿ ತಲೆಯ ಮೇಲಿದ್ದಂತೆಯೇ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ. ಮಂಕರಿ ಇಳಿಸಿಕೊಂಡು, "ಹೋಗಿ ಮಲಗೋ, ನಾನು ಸೊಪ್ಪು ಹಾಕ್ತೀನಿ" ಎಂದೆ. ಹುಲ್ಲಿನ ಮೇಲೆ ಬಿದ್ದ. ಅಷ್ಟರಲ್ಲಿ ಯಜಮಾನರು ಬಂದು ಚೊಂಬಿನ ನೀರನ್ನು ಮುಖಕ್ಕೆ ಎರಚಿದರು. "ಏನ್ಲಾ, ಅತ್ತೆ ಮನೆ ಅಂದ್ಕೊಂಡ್ಯಾ?"

"ಕೊಂಚೆಂ ಸೇಪು ದೊರೆ... ಒಂಚೂರು ಹೊತ್ತು" ಎಂದು ಕಣ್ಣು ಬಿಡಲಾಗದೆ ಬೇಡಿಕೊಂಡ. ಯಜಮಾನರು ಬಿಡಲಿಲ್ಲ.

ಗರಡಿಯ ಉಸ್ತಾದ್ ಬಾಷಾ ಸಾಹೇಬರು ಭುಜ ನೋಡಲು ಮನೆಗೇ ಬಂದರು. ಒತ್ತಿ ನೋಡಿ ಯಜಮಾನರಿಗೆ ಹೇಳಿದರು: "ಹಾಲು ತುಪ್ಪ ಮೈಗೆ ಹತ್ತೋದು ಮಲಗಿದಾಗ ಸ್ವಾಮಿ. ಏಟು ಮಾಗೋದೂ ಆಗ್ಲೇ. ಇವನನ್ನ ಮಲಗಿಸಿ. ಇಲ್ಲಾಂದ್ರೆ ಈ ಕುಸ್ತಿ ಬೇಡ."

"ಮಾತು ಕೊಟ್ಟಾಗೈತೆ ಸಾಬ್ರೆ. ಹುಳ ಬೇರೆ ನಾಲ್ಕನೇ ಜ್ವರ ಎದ್ದೈತೆ. ಅದು ಹಣ್ಣಾಗ್ಲಿ, ಇವನು ಗೆದ್ದು ಬರ್ಲಿ. ಆಮೇಲೆ ತಿಂಗಳುಗಟ್ಲೆ ಮಲಗ್ಲಿ, ಯಾರು ಬೇಡ ಅಂತಾರೆ?"

ಹುಳ ಮೇವು ಬಿಟ್ಟು ಹಣ್ಣಾಯಿತು, ಗೂಡು ಕಟ್ಟಲು ಸಿದ್ಧವಾಯಿತು. ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ, ಬಿಡುವ ಕೆಲಸವನ್ನೂ ಅವನ ಕೈಯಲ್ಲೇ ಮಾಡಿಸಿದರು. ಅದನ್ನು ಮುಗಿಸಿಯೇ ಅವನು ಶ್ರೀನಿವಾಸಪುರದ ಗಾಡಿ ಹತ್ತಿದ್ದು.

ಕುಸ್ತಿಯನ್ನು ನಾನು ನೋಡಿಲ್ಲ, ಹೆಂಗಸರು ಹೋಗುತ್ತಿರಲಿಲ್ಲ. ಉಸ್ತಾದರು ಹೇಳಿದ್ದನ್ನು ಬರೆಯುತ್ತೇನೆ. ಎದುರಾಳಿ ಎತ್ತಿ ಎಸೆದಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಗರಡಿಯಲ್ಲಿ ಕಲಿಸುವ ಮೊದಲ ಪಾಠವೇ ಅದು. ಮುನಿವೆಂಕಟನಿಗೆ ರೆಪ್ಪೆ ಮಿಟುಕಿಸುವಷ್ಟು ತಡವಾಯಿತು. ಕತ್ತಿನ ಮೇಲೆ ಬಿದ್ದ. "ಕಣ್ಣು ತೆರೆದೇ ಇತ್ತಮ್ಮ, ಮೈ ಮಲಗಿಬಿಟ್ಟಿತ್ತು" ಎಂದು ಆ ಮುದುಕರು ಅತ್ತರು.

ಕೋಲಾರದ ಆಸ್ಪತ್ರೆಯಲ್ಲಿ ಕತ್ತಿನ ನರ ಜಜ್ಜಿಹೋಗಿದೆ, ಮಾಡುವುದು ಏನೂ ಇಲ್ಲ ಎಂದರು. ಎತ್ತಿನ ಗಾಡಿಯಲ್ಲಿ ತಂದು ಹುಳದ ಮನೆಯ ಜಗಲಿಯ ಮೇಲೆ ಮಲಗಿಸಿದರು. ಕತ್ತಿನಿಂದ ಕೆಳಗೆ ಯಾವುದೂ ಅಲ್ಲಾಡುತ್ತಿರಲಿಲ್ಲ. ಗಂಜಿ ಕುಡಿಸುವುದು, ಹೊರಳಿಸುವುದು ನನ್ನ ಪಾಲಿಗೆ ಬಂತು. ಅಷ್ಟು ದೊಡ್ಡ ಮೈ, ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಯಜಮಾನರು ಬಂದು ಇನ್ನೊಂದು ಕಡೆ ಹಿಡಿಯುತ್ತಿದ್ದರು.

ಮಲಗಿದ್ದನೇ ಹೊರತು ಅವನಿಗೆ ನಿದ್ದೆ ಬರಲಿಲ್ಲ. ಕೊಡ ಇಟ್ಟ ಸದ್ದಿಗೂ ಬೆಚ್ಚಿ, "ಬಂದೆ ದೊರೆ" ಅನ್ನುತ್ತಿದ್ದ.

ಒಳಗೆ ಮುಂದಿನ ಬೆಳೆ ಬೆಳೆಯುತ್ತಿತ್ತು. ಒಂದು ಬೆಳಿಗ್ಗೆ ಮನೆ ಗಪ್‌ಚಿಪ್ಪಾಯಿತು. ಅವನು ಕಣ್ಣಲ್ಲೇ ನನ್ನನ್ನು ಕರೆದ.

"ಸದ್ದೇ ಇಲ್ಲ ಅಕ್ಕಾ. ಹುಳ ಜ್ವರಕ್ಕೆ ಕೂತ್ವಾ?"

"ಹೂಂ ಕಣೋ."

"ಹಂಗಾದ್ರೆ ಇವತ್ತು ಯಾರೂ ಎಬ್ಸಲ್ಲ" ಎಂದು ಕಣ್ಣು ಮುಚ್ಚಿದ. ಹುಳ ಏಳುವವರೆಗೂ ಮಲಗಿದ್ದ. ಗಂಜಿ ಆರಿಹೋದರೂ ನಾನು ಎಬ್ಬಿಸಲಿಲ್ಲ. ಆ ಬೆಳೆಯ ಗೂಡು ಬಿಡಿಸುವ ಮೊದಲು ತೀರಿಕೊಂಡ.

ಮುಂದೆ ಮಾಲೂರಿನ ಕಡೆ ಒಂದು ಹುಳದ ಮನೆ ನನ್ನ ಉಸ್ತುವಾರಿಗೆ ಬಂತು. ಅಲ್ಲಿ ಸೊಪ್ಪು ಹೊರುವವರನ್ನು ಸರದಿಯ ಮೇಲೆ ಮಲಗಿಸುತ್ತಿದ್ದೆ, ಮಲಗಿದವರನ್ನು ಯಾರೂ ಕೂಗಬಾರದು ಎಂದಿದ್ದೆ. ಮೈ ಬಲಿಯುವುದೂ ನೋವು ಮಾಗುವುದೂ ನಿದ್ದೆಯಲ್ಲೇ, ಹುಳಕ್ಕೂ ಮನುಷ್ಯನಿಗೂ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ರಘು, ಪಂದ್ಯದ ಹಿಂದಿನ ದಿನ ದೀಪ ಆರಿಸಿ ಮಲಗು.

ಮುನಿವೆಂಕಟನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಅವನ ಹೆಸರು ಬರೆದಿರುವುದು ಇಲ್ಲಿ ಮಾತ್ರ. ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಗೆದ್ದಲು ಹಿಡಿಯದಂತೆ ಜೋಪಾನವಾಗಿ ಇಡಿ.