ಹಪ್ಪಳದ ದಿನ ಮನೆ ತೋರಿಸಿದ್ದು

ಆ ದಿನ ಕಾಗೆ ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾನುವಾರ, ಕಚೇರಿಗೆ ರಜ. ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ ಹಳೆಯ ಪಂಚೆಗಳನ್ನು ಹಾಸಿ ಅವುಗಳ ಮೇಲೆ ಉದ್ದಿನ ಹಪ್ಪಳ ಹರಡಿದ್ದರು. ನಾನು ಕೊಡೆ ಬಿಚ್ಚಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಹಜಾರದಲ್ಲಿ ಬೀದಿಯ ಹೆಂಗಸರು ಸಾಲಾಗಿ ಕೂತು ಲಟ್ಟಿಸುತ್ತಿದ್ದರು.

ಪ್ರತಿ ಬೇಸಗೆಯಲ್ಲೂ ಹೀಗೆಯೇ. ಹಪ್ಪಳದ ಹಿಟ್ಟಿಗೆ ಎಣ್ಣೆ ಹಚ್ಚಿ ಒನಕೆಯಲ್ಲಿ ಕುಟ್ಟಿ ಕುಟ್ಟಿ ಹದ ಮಾಡಬೇಕು. ಅಷ್ಟು ದೊಡ್ಡ ಒರಳು ನಮ್ಮ ಬೀದಿಯಲ್ಲಿ ಇದ್ದದ್ದು ನಮ್ಮ ಹಜಾರದಲ್ಲಿ ಮಾತ್ರ. ನಮ್ಮ ತಾತನ ಕಾಲದಲ್ಲಿ ನೆಲಕ್ಕೆ ಹೂತದ್ದು. ಹಾಗಾಗಿ ಯಾರ ಮನೆಯ ಹಪ್ಪಳವಾದರೂ ನಮ್ಮ ಮನೆಯಲ್ಲೇ ಆಗಬೇಕು. ಒಬ್ಬೊಬ್ಬರೂ ಅವರವರ ಮಣೆ, ಲಟ್ಟಣಿಗೆ ತಂದುಕೊಳ್ಳುತ್ತಿದ್ದರು.

ನಾನು ಯಾವುದೋ ಯೋಚನೆಯಲ್ಲಿದ್ದಾಗ ಕಾಗೆಯೊಂದು ಹಪ್ಪಳ ಕಚ್ಚಿಕೊಂಡು ಹಾರಿತು. ನನ್ನ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೆ ಹಿಟ್ಟು.

"ಏನೂಂದ್ರೆ, ಕಾಗೆ ಕಾಯ್ತಿದೀರೋ, ಕಾಗೆಗೆ ಬಡಿಸ್ತಿದೀರೋ?"

ಒಳಗಿದ್ದವರೆಲ್ಲ ನಕ್ಕರು. ಎದುರುಮನೆಯ ಅಜ್ಜಿ ಕೂತಲ್ಲಿಂದಲೇ ಕೂಗಿದರು: "ಪಾಪ, ಬೈಬೇಡ ಕಣೇ. ಕಣ್ಣು ಬಿಟ್ಕೊಂಡೇ ನಿದ್ದೆ ಮಾಡೋದು ಅವನಿಗೆ ಕಚೇರೀಲಿ ಅಭ್ಯಾಸ ಆಗಿದೆ."

ಸಂಜೆ ಎಲ್ಲರೂ ಹೋದ ಮೇಲೆ ಅವಳು ತಲೆನೋವು ಎಂದಳು. ಬಿಸಿಲಿಗೆ ಇರಬೇಕು ಎಂದುಕೊಂಡೆವು. ಮಾರನೆಯ ದಿನ ಜ್ವರ ಬಂತು. ಅದು ಇಳಿಯಲೇ ಇಲ್ಲ. ಹಾಸನದಿಂದ ಡಾಕ್ಟರನ್ನು ಕರೆಸಿದೆ. ವಿಷಮಶೀತ ಜ್ವರ ಎಂದರು. ಆ ವರ್ಷದ ಹಪ್ಪಳ ಡಬ್ಬಕ್ಕೆ ತುಂಬುವ ಮೊದಲೇ ಅವಳು ಹೋದಳು.

ಅವಳು ತೀರಿಕೊಂಡ ನಕ್ಷತ್ರ ಸರಿಯಿಲ್ಲ, ಪಂಚಕ ಎಂದರು ಪುರೋಹಿತರು. ಅಂಥ ನಕ್ಷತ್ರದಲ್ಲಿ ಸಾವಾದ ಮನೆಯನ್ನು ಕೆಲವು ತಿಂಗಳು ಬಿಡಬೇಕು. ಕರ್ಮಗಳು ಮುಗಿದ ಮೇಲೆ ಬೀಗ ಹಾಕಿ, ಬಾಗಿಲಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಇಟ್ಟು, ನಾನು ಮೇಲಿನ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಕಚೇರಿಗೆ ಹೋಗುವಾಗ ನಮ್ಮ ಬೀದಿಯನ್ನು ಬಿಟ್ಟು ಬಳಸಿಕೊಂಡು ಹೋಗುತ್ತಿದ್ದೆ. ಮುಳ್ಳು ಒಣಗಿ ಬಾಗಿಲ ಮುಂದೆ ಉದುರುತ್ತಿದೆ ಎಂದು ಯಾರೋ ಹೇಳಿದರು.

ತಿಂಗಳುಗಳು ಕಳೆದವು. ಮುಳ್ಳು ತೆಗೆಸಿದೆ, ಶಾಂತಿ ಮಾಡಿಸಿದೆ. ಆದರೆ ಅಲ್ಲಿ ಹೋಗಿ ಮಲಗಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ, ಬೇಸಗೆ ಮುಗಿದ ಮೇಲೆ ಅರಕಲಗೂಡಿನ ತಾಲ್ಲೂಕು ಕಚೇರಿಗೆ ಹೋಗಬೇಕೆಂದು ವರ್ಗದ ಆದೇಶ ಬಂತು. ನನಗೆ ಮಕ್ಕಳಿಲ್ಲ. ಮನೆ ಮಾರಿಬಿಡುವುದೇ ಸರಿ ಎಂದು ತೀರ್ಮಾನಿಸಿದೆ.

ತೀರ್ಮಾನಿಸುವುದು ಸುಲಭವಾಗಿತ್ತು. ಕೊಳ್ಳುವವರು ಬರಬೇಕಲ್ಲ. ಪಂಚಕದ ಮನೆ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತ್ತು. ಶಾಂತಿಯಾದ ಮೇಲೂ ಬೀದಿಯ ಒಬ್ಬರೂ ಹೊಸ್ತಿಲು ದಾಟಿರಲಿಲ್ಲ. ನಾನು ಅಲ್ಲಿಗೆ ಹೋದಾಗ ಜಗಲಿಯವರೆಗೆ ಬಂದು, ಯೋಗಕ್ಷೇಮ ಕೇಳಿ, ಹಾಗೇ ಇಳಿದು ಹೋಗುತ್ತಿದ್ದರು. ನಾನು ಯಾರನ್ನೂ ದೂರುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

ಹಾಸನದಿಂದ ಮರದ ವ್ಯಾಪಾರಿಯೊಬ್ಬ ರೈಲಿನಲ್ಲಿ ಬಂದ. ಅವನಿಗೆ ನಕ್ಷತ್ರದ ಚಿಂತೆ ಇರಲಿಲ್ಲ. ಹಜಾರದಲ್ಲಿ ನಿಂತು ಮೇಲೆ ನೋಡಿದ. ಬೆರಳಿನ ಗೆಣ್ಣಿನಿಂದ ಕಂಬಗಳನ್ನು ತಟ್ಟಿದ.

"ತೊಲೆ ಚೆಂದಾಗವೆ ಸಾಮಿ. ಬಾಗ್ಲೂ ಒಳ್ಳೆ ಮರ. ಎಲ್ಲಾ ಬಿಚ್ಕಂಡು ಗಾಡಿ ಮ್ಯಾಲೆ ಏರುಸ್ಕಂಡು ಓಯ್ತೀನಿ. ಗೋಡೆ ಏನ್ ಮಾಡ್ಕಂತೀರೋ ಮಾಡ್ಕಳಿ."

"ಒರಳು?" ಎಂದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಕಲ್ಲು ತಗಂಡು ನಾನೇನ್ ಮಾಡ್ಲಿ ಸಾಮಿ?"

ಇನ್ನೊಂದು ಸಲ ಬರುತ್ತೇನೆ, ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ ಮಾತು ಮುಗಿಸೋಣ ಎಂದು ಹೇಳಿ ಹೋದ. ಅವತ್ತು ನನಗೆ ಒಂದು ವಿಷಯ ತಿಳಿಯಿತು. ಮನೆ ನನ್ನದಾಗಿ ಉಳಿಯದಿದ್ದರೆ ಬೇಸರವಿಲ್ಲ. ಆದರೆ ಅಲ್ಲಿ ಯಾರಾದರೂ ಒಲೆ ಹಚ್ಚಬೇಕು. ಅವಳು ಓಡಾಡಿದ ಜಾಗ ಸೂರಿಲ್ಲದ ನಾಲ್ಕು ಗೋಡೆಯಾಗಿ ಮಳೆಗೆ ಕರಗಬಾರದು.

ಅಕ್ಕನ ಮನೆಯವರ ಕಡೆಯಿಂದ ಒಂದು ಸಂಸಾರ ನೋಡಲು ಬರುವುದೆಂದಾಯಿತು. ನಾನು ಸುಣ್ಣ ಹೊಡೆಸಿದೆ. ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಅಡಿಗೆಮನೆಯ ಗೋಡೆಯ ಮೇಲಿದ್ದ ಎಣ್ಣೆಯ ಕಲೆ ಉಜ್ಜಿದೆ. ಗೂಟದಲ್ಲಿದ್ದ ಅವಳ ಚೀಲ, ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಭರಣಿ, ಎಲ್ಲವನ್ನೂ ತೆಗೆದಿಟ್ಟೆ. ಯಾರ ಗುರುತೂ ಇಲ್ಲದ ಹಾಗೆ ಶುಭ್ರವಾಗಿದ್ದರೆ ಬಂದವರಿಗೆ ಹಿಡಿಸುತ್ತದೆ ಎಂದು ನನ್ನ ಎಣಿಕೆ. ಅವರು ಬಂದು ಒಂದು ಸುತ್ತು ನೋಡಿದರು. ಅವರ ಮನೆಯ ಹಿರಿಯ ಹೆಂಗಸು, "ಇಲ್ಲಿ ಯಾರೂ ಬಾಳಿದ ಹಾಗೇ ಇಲ್ವಲ್ಲ" ಎಂದರು. ಕುಡಿಯಲು ನೀರು ಕೊಟ್ಟರೆ, ಈಗ ತಾನೇ ಕುಡಿದು ಬಂದೆವು ಎಂದರು. ನಮ್ಮ ಕಡೆ ಮನೆ ನೋಡಲು ಬಂದವರು ನೀರು ಮುಟ್ಟದೆ ಹೊರಟರೆಂದರೆ ಬಾಯಿಬಿಟ್ಟು ಹೇಳಬೇಕಾದದ್ದು ಏನೂ ಇಲ್ಲ.

ಅವರು ತಿರುವಿನಲ್ಲಿ ಮರೆಯಾಗುವವರೆಗೂ ಎದುರುಮನೆಯ ಅಜ್ಜಿ ತಮ್ಮ ಜಗಲಿಯಿಂದ ನೋಡುತ್ತಿದ್ದರು.

"ಏನಂದ್ರೋ?"

"ಏನೂ ಅನ್ನಲಿಲ್ಲ ಅಜ್ಜಿ."

"ಹೇಗಂತಾರೆ? ಬೋಳು ಛತ್ರದ ಹಾಗೆ ಮಾಡಿಟ್ಟಿದೀಯ. ಬೀದಿಯವರೇ ಕಾಲಿಡದ ಮನೆಗೆ ಪರ ಊರಿನವರು ಬರ್ತಾರೇನೋ? ಹೋಗ್ಲಿ ಬಿಡು. ಹಪ್ಪಳದ ಕಾಲ ಬಂತು. ಈ ಸಲವೂ ನಿನ್ನ ಹಜಾರದಲ್ಲೇ. ಇನ್ನು ಯಾರಾದ್ರೂ ನೋಡೋಕೆ ಬರೋರಿದ್ರೆ ಅವತ್ತೇ ಬರೋಕೆ ಹೇಳು."

"ಯಾರು ಬರ್ತಾರೆ ಅಜ್ಜಿ ಲಟ್ಟಿಸೋಕೆ?"

"ಒರಳು ಇರೋ ಕಡೆಗೆ ಬರದೆ ಎಲ್ಲಿಗೆ ಹೋಗ್ತಾರೆ?"

ಚನ್ನರಾಯಪಟ್ಟಣದ ಮೇಷ್ಟರೊಬ್ಬರಿಗೆ ನಮ್ಮೂರಿನ ಸ್ಕೂಲಿಗೆ ವರ್ಗವಾಗಿತ್ತು. ಅವರು ಕೊಳ್ಳಲು ಮನೆ ಹುಡುಕುತ್ತಿದ್ದರು, ಅವರ ತಾಯಿಯೇ ನೋಡಿ ಒಪ್ಪಬೇಕಂತೆ. ಅವರಿಗೆ ಹಪ್ಪಳದ ದಿನವೇ ಬರುವಂತೆ ಹೇಳಿಕಳಿಸಿದೆ. ಮರದ ವ್ಯಾಪಾರಿಯೂ ಅದೇ ದಿನ ಬರುತ್ತೇನೆಂದು ಹೇಳಿಕಳಿಸಿದ್ದ.

ಬೆಳಿಗ್ಗೆ ಬೀದಿಯ ಹೆಂಗಸರು ಬಂದರು, ನಿಜ. ಮಣೆ, ಲಟ್ಟಣಿಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಜಗಲಿಯ ಮುಂದೆ ನಿಂತರು. ಯಾರೂ ಮೆಟ್ಟಿಲು ಹತ್ತಲಿಲ್ಲ. ಇವಳು ಮುಂದೆ ಹೋಗಲಿ ಎಂದು ಅವಳು, ಅವಳು ಹೋಗಲಿ ಎಂದು ಇವಳು. ನಾನು ಬಾಗಿಲ ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ. ಅಜ್ಜಿ ತಮ್ಮ ಮನೆಯಿಂದ ಹಿಟ್ಟಿನ ಬೋಗುಣಿ ಹೊತ್ತುಕೊಂಡು ಬಂದರು. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮದುವೆ ಮುಂಜಿಗಳಲ್ಲಿ ಅಡಿಗೆಮನೆಯ ಹಿಂದಿನ ಬಾಗಿಲಿಂದ ಬಂದು ಹಾಗೇ ಹೋಗುವವರು.

"ದಾರಿ ಬಿಡ್ರೇ. ಶುಭಕ್ಕೆಲ್ಲ ನನ್ನನ್ನ ಹಿಂದೆ ನಿಲ್ಲಿಸ್ತೀರ. ಇದಕ್ಕಾದ್ರೂ ನಾನು ಮುಂದೆ ಹೋಗ್ತೀನಿ. ಯಮ ಒಳಗೇ ಕೂತಿದ್ರೆ ಅವನ ಕೈಗೂ ಒಂದು ಲಟ್ಟಣಿಗೆ ಕೊಡ್ತೀನಿ."

ಒಬ್ಬಳು ಕಿಸಕ್ಕನೆ ನಕ್ಕಳು. ಅಜ್ಜಿ ಹೊಸ್ತಿಲು ದಾಟಿ, ನೇರವಾಗಿ ಒರಳಿನ ಹತ್ತಿರ ಹೋಗಿ, ಹಿಟ್ಟು ಸುರಿದು, "ಒನಕೆ ಎಲ್ಲೇ?" ಎಂದು ಕೂಗಿದರು. ಒನಕೆ ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಪಕ್ಕದ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಅವಳ ಹಿಂದೆ ಉಳಿದವರು. ಸ್ವಲ್ಪ ಹೊತ್ತಿಗೆ ಒರಳಿನ ಸದ್ದು ಬೀದಿಗೆಲ್ಲ ಕೇಳತೊಡಗಿತು. ಒಂದು ವರ್ಷದಿಂದ ಕೇಳದಿದ್ದ ಸದ್ದು. ನಾನು ಕೊಡೆ, ಕೋಲು ತೆಗೆದುಕೊಂಡು ಬಾವಿಕಟ್ಟೆಗೆ ಹೋದೆ.

ಮೇಷ್ಟರ ತಾಯಿ ಬಂದಾಗ ಮೊದಲ ಸುತ್ತಿನ ಹಪ್ಪಳ ಬಿಸಿಲಿಗೆ ಬಂದಿತ್ತು. ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ಹಜಾರದಲ್ಲಿ ಒಂದು ಗಳಿಗೆ ನಿಂತರು. ಬಗ್ಗಿ ಒಂದು ಚೂರು ಹಿಟ್ಟು ಮುರಿದು ಬಾಯಿಗೆ ಹಾಕಿಕೊಂಡರು.

"ಮೆಣಸು ಸಾಲದು" ಎಂದರು. "ಎಲ್ಲಿ, ಒಂದು ಲಟ್ಟಣಿಗೆ ಕೊಡಿ."

ಮಗ ಮನೆಯ ಉದ್ದಗಲ ನೋಡುತ್ತಾ ತಿರುಗಿದರೆ, ತಾಯಿ ಕೂತು ಲಟ್ಟಿಸಿದರು. ಹಿತ್ತಿಲ ಬಾಗಿಲು ತೆರೆದಿತ್ತು. ಹೆಂಗಸರು ಅವರಿಗೆ ಹೇಳುತ್ತಿದ್ದುದೆಲ್ಲ ನನಗೆ ಕೇಳಿಸುತ್ತಿತ್ತು.

"ಈ ಮೂಲೇಲಿ ಸೋರತ್ತೆ ನೋಡಿ. ಮಳೆಗಾಲ ಬಂದ್ರೆ ಹಂಡೆ ಇಡಬೇಕು."

"ಹಿತ್ತಲಲ್ಲಿ ಕೇರೆಹಾವಿದೆ. ಏನೂ ಮಾಡಲ್ಲ ಪಾಪ, ಇಲಿ ತಿನ್ಕೊಂಡಿರತ್ತೆ."

"ಬಾವಿ ನೀರಲ್ಲಿ ಬೇಳೆ ಬೇಯಲ್ಲ. ಬೇಳೆಗೆ ಹೊಳೆಯಿಂದಲೇ ತರಬೇಕು."

"ಇವಳ ಗಂಡನ ಗೊರಕೆ ಗೋಡೆ ದಾಟಿ ಬರತ್ತೆ. ಅದನ್ನೂ ಹೇಳಿಬಿಡೇ!"

"ನಿನ್ನ ಅತ್ತೆ ಬೈಗುಳ ಎರಡು ಗೋಡೆ ದಾಟಿ ಬರತ್ತೆ, ಅದನ್ನ ಯಾರು ಹೇಳಬೇಕು?"

ನಗು. ಮನೆ ತೋರಿಸಲು ನಾನು ಸುಣ್ಣ ಹೊಡೆಸಿದ್ದೆ. ಇವರು ಒಂದೊಂದಾಗಿ ಸುಣ್ಣ ಕೆರೆಯುತ್ತಿದ್ದರು. ಒಳಗೆ ಹೋಗಿ ತಡೆಯೋಣವೆಂದು ಎದ್ದೆ. ಅಷ್ಟರಲ್ಲಿ ನಗು ನಿಂತಿತು. ಅಜ್ಜಿಯ ಮಾತು ಕೇಳಿಸಿತು.

"ಇನ್ನೊಂದಿದೆ ತಾಯಿ. ಆ ಕೋಣೇಲೇ ಈ ಮನೆ ಹುಡುಗಿ ಹೋಗಿದ್ದು. ಪಂಚಕ. ಮನೆ ಬಿಟ್ಟು, ಮುಳ್ಳು ಹಾಕಿ, ಶಾಂತಿ ಎಲ್ಲಾ ಆಗಿದೆ. ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡಿ."

ಲಟ್ಟಣಿಗೆಗಳ ಸದ್ದೂ ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಮೇಷ್ಟರ ತಾಯಿ ಕೈಯಲ್ಲಿದ್ದ ಹಪ್ಪಳವನ್ನು ಪೂರ್ತಿ ಲಟ್ಟಿಸಿ, ಎತ್ತಿ ಪಕ್ಕಕ್ಕೆ ಹಾಕಿದರು.

"ನಮ್ಮ ಹುಡುಗನಿಗೆ ಬಸ್ಸಿಂದ ಇಳಿಯುತ್ತಿದ್ದ ಹಾಗೇ ಯಾರೋ ಹೇಳಿದ್ರು. ನೀವು ಹೇಳ್ತೀರೋ ಇಲ್ಲವೋ ಅಂತ ಕಾಯ್ತಿದ್ದೆ."

ಅವರು ಎದ್ದು ಆ ಕೋಣೆಗೆ ಹೋದರು. ನಾನು ಅಲ್ಲಿಗೆ ಹೋಗಲಾರದೆ ಹೊರಗೇ ನಿಂತೆ. ಕಿಟಕಿ ತೆರೆದ ಸದ್ದು, ಮತ್ತೆ ಮುಚ್ಚಿದ ಸದ್ದು.

"ಹೆಚ್ಚು ಗಾಳಿ ಬರಲ್ಲ. ಬೆಚ್ಚಗಿದೆ" ಎನ್ನುತ್ತ ಹೊರಗೆ ಬಂದರು. "ಮಗಳು ಹೆರಿಗೆಗೆ ಬರ್ತಾಳೆ. ಬಾಣಂತಿಗೆ ಇದೇ ಸರಿ." ಆಮೇಲೆ ನನ್ನ ಕಡೆ ತಿರುಗಿ, "ಒಂದು ಲೋಟ ನೀರು ಕೊಡಪ್ಪ. ಬೇಳೆ ಬೇಯದ ನೀರು ಹೇಗಿದೆ ನೋಡೋಣ" ಎಂದರು.

ನಾನೇ ನೀರು ಸೇದಿದೆ. ಅವಸರದಲ್ಲಿ ಅರ್ಧ ಕೊಡ ಕಟ್ಟೆಯ ಮೇಲೆ ಚೆಲ್ಲಿದೆ. ಅವರು ಲೋಟ ಎತ್ತಿ ಹಿಡಿದು ಪೂರ್ತಿ ಕುಡಿದರು.

"ಸ್ವಲ್ಪ ಸವಳು. ಅಭ್ಯಾಸ ಆಗತ್ತೆ. ಎದುರಿಗೇ ಇಷ್ಟು ಹೇಳೋ ನೆರೆ ಇದ್ರೆ ಇನ್ನೇನು ಬೇಕು?"

ನಾನು ಖಾಲಿ ಲೋಟ ತೆಗೆದುಕೊಂಡೆ. ನಾನು ಹಿತ್ತಿಲಿಗೆ ಹಿಂತಿರುಗುವಷ್ಟರಲ್ಲಿ ಕಾಗೆಗಳು ಹಪ್ಪಳದ ಮೇಲೆ ಕೂತು ಊಟ ಮುಗಿಸಿದ್ದವು.

ಮಧ್ಯಾಹ್ನ ಮರದ ವ್ಯಾಪಾರಿ ಬಂದವನು ಜಗಲಿಯಲ್ಲೇ ನಿಂತ. "ಇದೇನ್ ಸಾಮಿ, ಮನೆ ತುಂಬಾ ಎಂಗಸ್ರು! ಮದ್ವೆನಾ?" ಎಂದ. ಮನೆ ಮೇಷ್ಟರಿಗೆ ಹೋಯಿತೆಂದು ಹೇಳಿದೆ. ಅಜ್ಜಿ ಕೆಂಡದ ಮೇಲೆ ಸುಟ್ಟ ಹಪ್ಪಳ ಎರಡು ಕಳಿಸಿದರು. ಅವನು ತಿನ್ನುತ್ತಾ ಕೊನೆಯ ಸಲ ಬಾಗಿಲವಾಡದ ಮೇಲೆ ಕೈಯಾಡಿಸಿದ. "ತೊಲೆ ಓದ್ರೆ ಓಗ್ಲಿ ಬುಡಿ. ಅಪ್ಪಳ ಬಲ್ ಚೆಂದಾಗದೆ" ಎಂದು ನಗುತ್ತಲೇ ಸ್ಟೇಷನ್ನಿನ ದಾರಿ ಹಿಡಿದ.

ಅರಕಲಗೂಡಿಗೆ ಹೋದ ಮೇಲೆ ರಾತ್ರಿ ನಿದ್ದೆ ಬರತೊಡಗಿತು. ಯುದ್ಧ ಶುರುವಾಗಿ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲದಲ್ಲಿ ಒಮ್ಮೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಎದುರುಮನೆಯ ಜಗಲಿ ಬರಿದಾಗಿತ್ತು. ಅಜ್ಜಿ ಹಿಂದಿನ ಮಾಘದಲ್ಲಿ ಹೋದರಂತೆ. ನಮ್ಮ ಮನೆಯ ಬಾಗಿಲು ತೆರೆದಿತ್ತು. ಮೇಷ್ಟರ ತಾಯಿ ಒಳಗೆ ಕರೆದು ಕೂರಿಸಿದರು. ಆ ಕೋಣೆಯಲ್ಲಿ ಹುಟ್ಟಿದ ಮೊಮ್ಮಗಳು ಒರಳಿನ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಲ್ಲ ಚೀಪುತ್ತಿದ್ದಳು. ಅಡಿಗೆಮನೆಯ ಗೋಡೆಯಲ್ಲಿ, ನಾನು ಉಜ್ಜಿದ್ದ ಜಾಗದಲ್ಲೇ, ಮತ್ತೆ ಎಣ್ಣೆಯ ಕಲೆ ಆಗಿತ್ತು. ಅದನ್ನು ನೋಡಿ ನನಗೆ ಹಿತವಾಯಿತು. ಮೂಲೆ ಇನ್ನೂ ಸೋರುತ್ತಿದೆಯಂತೆ.

ಬರುವಾಗ ಹಿತ್ತಿಲ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅವಳು ಅಲ್ಲಿ ನಿಂತು ಕಾಗೆಯ ವಿಷಯವಾಗಿ ನನ್ನನ್ನು ಕೇಳಿದ ಮಾತು ಒಂದಕ್ಷರವೂ ಮರೆತಿಲ್ಲ. ಅವಳ ದನಿ ಮಾತ್ರ ನನಗೆ ಈಗ ನೆನಪಿಲ್ಲ.