ಮಳೆಗಾಲ ಕಳೆಯಲಿ ಮಾಷ್ಟ್ರೆ

ಬೆಳ್ಳಾರೆಯಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದೆ. ರಬ್ಬರ್ ಶೀಟ್ ಹೇರಿದ ಪಿಕಪ್ ಒಂದು ಎದುರಿಗೆ ಬಂದು ನಿಂತಿತು. ಆ ಹುಳಿ ನಾತಕ್ಕೆ ನೀವಾದರೆ ಮೂಗು ಮುಚ್ಚುತ್ತೀರಿ. ನನಗೆ ಮಾತ್ರ ಏಲಿಯಮ್ಮ ಚೇಚಿಯ ನೆನಪಾಗುತ್ತದೆ; ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ.

ಕಡಬದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದಾಗ ನಾನು ಅವರ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ಕಿಟಕಿಯ ಎದುರಿನ ತಂತಿಯಲ್ಲೇ ಅವರ ಶೀಟುಗಳು ಒಣಗುತ್ತಿದ್ದವು. ಒಂಟಿ ಹೆಂಗಸು, ಸ್ವಲ್ಪ ರಬ್ಬರು, ಎರಡು ಆಡು, ಮತ್ತು ಕೇಳದ ಕಿವಿ. ಬಾಡಿಗೆ ಎರಡು ದಿನ ತಡವಾಗುತ್ತದೆಂದು ನಾನು ಅವರಿಗೆ ಕಿರುಚಿ ಹೇಳಿದರೆ ರಸ್ತೆಯವರೆಗೂ ಸುದ್ದಿಯಾಗುತ್ತಿತ್ತು. ಕಿವಿಗೆ ಮಿಷನ್ ಹಾಕಿಸಿ ಎಂದು ಪುತ್ತೂರಿನ ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು.

“ಮಳೆಗಾಲ ಕಳೆಯಲಿ ಮಾಷ್ಟ್ರೆ. ಮಳೆಗೆ ರಬ್ಬರ್ ಟ್ಯಾಪಿಂಗ್ ನಿಂತರೆ ಮತ್ತೆ ತಿನ್ನುದು ಎಂತ?”

ಮಳೆ ಕಳೆದ ಮೇಲೆ ಕೇಳಿದರೆ ಮುಂದಿನ ಮಳೆ ಅಡ್ಡ ಬರುತ್ತಿತ್ತು. ನಮ್ಮ ಕಡೆ ಅದು ಬಾರದೆ ಇರುವುದೂ ಇಲ್ಲವಲ್ಲ. ಹಣ ಇರಲಿಲ್ಲವೆಂದಲ್ಲ, ಎಷ್ಟಿದ್ದರೆ ಸಾಕು ಎಂದು ಗೊತ್ತಿಲ್ಲದ ಹೆದರಿಕೆ. ಆ ಹೆದರಿಕೆಗೆ ಇಗರ್ಜಿಯಲ್ಲೂ ಹಾಡು ಕೇಳದೆ ಸುಮ್ಮನೆ ಕುಳಿತು ಬರುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ಹಾಗಂತ ಬುದ್ಧಿ ಹೇಳುವ ಯೋಗ್ಯತೆ ನನಗಿತ್ತು ಎಂದುಕೊಳ್ಳಬೇಡಿ. ತರಗತಿಯಲ್ಲಿ ಬಜೆಟ್ ಪಾಠ ಮಾಡಿ, ತಿಂಗಳ ಕೊನೆಗೆ ಅಂಗಡಿಯಲ್ಲಿ ಕಡ ಹೇಳುವವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆದರೂ ಸುಳ್ಯಕ್ಕೆ ವರ್ಗವಾದಾಗ, ಹೊರಡುವ ಮುಂಚೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಲೆಕ್ಕದ ಹಾಳೆಯನ್ನು ಅವರ ಫೋನಿಗೆ ಹಾಕಿಕೊಟ್ಟೆ. ರಬ್ಬರಿನ ಹಣ ಬಂದಾಗ ಬರೆದರಾಯಿತು; ಮಳೆಗಾಲಕ್ಕೆ ಬೇಕಾದಷ್ಟನ್ನು ಅದೇ ಬೇರೆಯಾಗಿ ತೆಗೆದು ತೋರಿಸುತ್ತದೆ, ತುಂಬಿದ ಸಾಲು ಹಸಿರಾಗುತ್ತದೆ. ಅದರ ಕೆಳಗೆ ‘ಕಿವಿ’ ಎಂದು ಇನ್ನೊಂದು ಸಾಲು ಸೇರಿಸಿದೆ.

“ಎರಡೂ ಹಸಿರಾದರೆ ಪುತ್ತೂರಿಗೆ ಹೋಗುದು!” ಎಂದು ಕಿರುಚಿದೆ.

“ಹಸಿರು ನೋಡಿ ನಂಬ್ಲಿಕ್ಕೆ ನಾನು ಎಂತ ಆಡಾ?” ಎಂದರು.

ನಂಬದಿದ್ದರೂ ಬರೆಯುತ್ತಾ ಬಂದರು. ನನ್ನ ಫೋನಿನಲ್ಲೂ ಆ ಹಾಳೆ ಕಾಣುತ್ತದೆ: ಮೀನು, ಗ್ಯಾಸು, ಆಡಿನ ಮದ್ದು. ಮೊದಲು ಮಳೆಗಾಲ ಹಸಿರಾಯಿತು, ಆಮೇಲೆ ಕಿವಿ. ಆದರೆ ಕಿವಿಯ ಹಣ ಇದ್ದಲ್ಲಿಂದ ಕದಲಲಿಲ್ಲ. ಹೋದ ತಿಂಗಳು ನೋಡಿದಾಗಲೂ ಹಾಗೆಯೇ ಇತ್ತು. ಇನ್ನು ಇವರು ಹೋಗುವವರಲ್ಲ ಎಂದು ನಾನೂ ಕೈಬಿಟ್ಟಿದ್ದೆ.

ಪಿಕಪ್ ಹೋದ ಮೇಲೆ ಸುಮ್ಮನೆ ಆ ಹಾಳೆ ತೆರೆದೆ. ‘ಕಿವಿ’ ಸಾಲಿನಲ್ಲಿ ಸೊನ್ನೆ. ಬಿದ್ದು ಆಸ್ಪತ್ರೆ ಸೇರಿದರೋ, ಮನೆಯ ಮಾಡಿನ ಶೀಟು ಹಾರಿತೋ? ಫೋನಿನಲ್ಲಿ ಅವರಿಗೆ ಏನೂ ಕೇಳುವುದಿಲ್ಲ, ಅವರು ಎತ್ತುವುದೂ ಇಲ್ಲ. ಗೊತ್ತಿದ್ದೂ ಕರೆ ಮಾಡಿದೆ. ಎತ್ತಿದರು.

“ಚೇಚೀ! ಎಂತ ಆಯ್ತು?”

ನನ್ನ ಬೊಬ್ಬೆಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಅಯ್ಯೋ, ಮೆಲ್ಲ ಮಾತಾಡಿ ಮಾರಾಯ್ರೆ,” ಎಂದರು ಚೇಚಿ. “ಕಿವಿ ನೋಯ್ತದೆ.”